ಬ್ರೇಕು ಬಿಡುವ ವಿದ್ಯೆ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಗೆಳೆಯರು ಕೇಳಿದಾಗ, ಬ್ರೇಕಿನ ವಿಷಯವಾಗಿ ಬರೆಯುತ್ತೇನೆಂದೆ. ಅವರು ನಕ್ಕರು. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಓದುವವನಿಗೆ ಬ್ರೇಕಿನ ಗೊಡವೆ ಏಕೆಂಬುದು ಅವರ ಪ್ರಶ್ನೆ. ಮೇಲಾಗಿ ನಮ್ಮ ಮನೆಯಲ್ಲಿ ಕಾರಿಲ್ಲ. ನನಗೆ ಕಾರು ಓಡಿಸುವ ಲೈಸೆನ್ಸೂ ಇಲ್ಲ. ನಾನು ಓಡಿಸುವುದೆಲ್ಲ ಗೆಳೆಯನೊಬ್ಬನ ಬಾಡಿಗೆ ಕೋಣೆಯಲ್ಲಿ, ಮೇಜಿನ ಎದುರು ಕುಳಿತು, ಪರದೆಯ ಮೇಲೆ ಕಾಣುವ ಕಾರನ್ನು. ಆದರೂ ಈ ಎರಡು ವರ್ಷಗಳಲ್ಲಿ ನಾನು ಮನಸ್ಸಿಟ್ಟು ಕಲಿತ ವಿದ್ಯೆ ಯಾವುದೆಂದು ಯಾರಾದರೂ ಕೇಳಿದರೆ, ಅಧ್ಯಾಪಕರು ಮನ್ನಿಸಬೇಕು, ಬ್ರೇಕು ಹಿಡಿಯುವುದು ಎಂದೇ ಹೇಳಬೇಕಾಗುತ್ತದೆ. ಹಿಡಿಯುವುದು ಎನ್ನುವುದಕ್ಕಿಂತ ಬಿಡುವುದು ಎಂದರೆ ಹೆಚ್ಚು ಸರಿ. ಅದನ್ನೇ ಇಲ್ಲಿ ವಿವರಿಸಲು ಹೊರಟಿದ್ದೇನೆ.

ಸಿಮ್ ರೇಸಿಂಗ್ ಎಂಬ ಮಾತನ್ನು ಕೇಳದವರಿಗಾಗಿ ಎರಡು ಮಾತು. ಇದು ಫೋನಿನ ಗಾಜನ್ನು ಬೆರಳಿನಿಂದ ತಿವಿದು ಆಡುವ ಆಟವಲ್ಲ. ಮೇಜಿಗೆ ಬಿಗಿದ ಸ್ಟಿಯರಿಂಗ್ ಚಕ್ರ, ನೆಲದ ಮೇಲೆ ಎರಡೋ ಮೂರೋ ಪೆಡಲು, ಎದುರಿಗೆ ಕಂಪ್ಯೂಟರಿನ ಪರದೆ, ಇಷ್ಟು ಇದರ ಸಾಮಗ್ರಿ. ಕಾರಿನ ತೂಕ ಎಷ್ಟು, ಅದು ಯಾವ ಗಾಲಿಯ ಮೇಲೆ ಎಷ್ಟು ಕುಳಿತಿದೆ, ಟೈರು ರಸ್ತೆಯನ್ನು ಎಷ್ಟು ಹಿಡಿದಿದೆ ಎಂಬುದನ್ನೆಲ್ಲ ಕಂಪ್ಯೂಟರು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ, ಅದರ ಫಲವನ್ನು ಕಣ್ಣಿಗೆ ಚಿತ್ರವಾಗಿ, ಕಿವಿಗೆ ಸದ್ದಾಗಿ, ಕೈಗೆ ಸ್ಟಿಯರಿಂಗಿನ ಬಿಗಿತವಾಗಿ ಒಪ್ಪಿಸುತ್ತದೆ. ನಾವು ಬಳಸುವುದು ಇಟಲಿಯ ಕುನೋಸ್ ಸಿಮ್ಯುಲಾಜಿಯೋನಿ ಸಂಸ್ಥೆ ೨೦೧೪ರಲ್ಲಿ ಹೊರತಂದ ಅಸೆಟ್ಟೊ ಕೊರ್ಸಾ. ಹಳೆಯದಾದರೂ ನಮ್ಮ ಗೆಳೆಯನ ಹಳೆಯ ಕಂಪ್ಯೂಟರಿಗೆ ಅದೇ ತಕ್ಕದ್ದು. ಇದೆಲ್ಲ ಹುಡುಗಾಟವೆನ್ನುವವರಿಗೆ ಒಂದು ಸಂಗತಿ ಹೇಳಬೇಕು. ೨೦೦೮ರಲ್ಲಿ ನಿಸಾನ್ ಮತ್ತು ಪ್ಲೇಸ್ಟೇಷನ್ ಕೂಡಿ ಜಿ.ಟಿ. ಅಕಾಡೆಮಿ ಎಂಬ ಸ್ಪರ್ಧೆ ನಡೆಸಿ, ಇಂಥ ಆಟದಲ್ಲಿ ವೇಗವಾಗಿ ಓಡಿಸುವವರನ್ನು ಆರಿಸಿ ನಿಜವಾದ ಕಾರಿನಲ್ಲಿ ಕೂರಿಸಿದರು. ಅದರಲ್ಲಿ ಮೊದಲು ಗೆದ್ದ ಸ್ಪೇನಿನ ಲೂಕಾಸ್ ಒರ್ಡೊನೆಸ್ ೨೦೧೧ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ತನ್ನ ವರ್ಗದ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದ.

ನನ್ನನ್ನು ಈ ಕೋಣೆಗೆ ಕರೆತಂದದ್ದು ಮಾತ್ರ ಇಂಥ ಮಹತ್ವಾಕಾಂಕ್ಷೆಯಲ್ಲ, ಒಂದು ಕರು. ಮೊದಲ ವರ್ಷದ ದಸರಾ ರಜೆಯಲ್ಲಿ ತಂದೆಯವರ ಹಳೆಯ ಮೋಟಾರು ಸೈಕಲ್ಲಿನ ಮೇಲೆ ಊರ ಕಡೆಗೆ ಹೋಗುತ್ತಿದ್ದೆ. ಲೈಸೆನ್ಸು ಕೈಗೆ ಬಂದು ಎರಡು ತಿಂಗಳಾಗಿತ್ತಷ್ಟೆ. ಕೆರೆಯ ಏರಿ ದಾಟಿ ತಿರುವಿಗೆ ಬರುವಷ್ಟರಲ್ಲಿ ಕರುವೊಂದು ರಸ್ತೆಗೆ ನುಗ್ಗಿತು. ಮುಂದಿನ ಬ್ರೇಕನ್ನು ಬಲಗೈಯಿಂದ ಪ್ರಾಣಭಯದಲ್ಲಿ ಹಿಸುಕಿದೆ. ಕರು ತನ್ನ ಪಾಡಿಗೆ ತಾನು ದಾಟಿಹೋಯಿತು. ನಾನು ಜಲ್ಲಿಯ ಮೇಲೆ ಮಲಗಿದ್ದೆ. ಎಡ ಮಣಿಕಟ್ಟಿನ ಮೂಳೆ ಮುರಿದಿತ್ತು.

ಪ್ಲಾಸ್ಟರು ಹಾಕಿಸಿಕೊಂಡು ಕುಳಿತ ಆರು ವಾರವೂ ನನ್ನನ್ನು ಕಾಡಿದ್ದು ನೋವಲ್ಲ, ಒಂದು ಪ್ರಶ್ನೆ. ಬ್ರೇಕಿರುವುದು ಗಾಡಿ ನಿಲ್ಲಿಸುವುದಕ್ಕೆ. ಬ್ರೇಕು ಹಿಡಿಯದೆ ಬಿದ್ದಿದ್ದರೆ ಅರ್ಥವಾಗುತ್ತಿತ್ತು, ಹಿಡಿದವನು ಬಿದ್ದದ್ದೇಕೆ? ಉತ್ತರ ತಿಳಿಯದೆ ಹೋದದ್ದರಿಂದ ಇನ್ನೊಂದು ಕೆಡುಕಾಯಿತು. ಕೈ ಗುಣವಾದ ಮೇಲೆ ಮತ್ತೆ ಗಾಡಿ ಹತ್ತಿದಾಗ ಮುಂದಿನ ಬ್ರೇಕಿನ ಮೇಲೆ ಬೆರಳು ಹೋಗಲೇ ಒಲ್ಲದು. ಹಿಂದಿನ ಬ್ರೇಕೊಂದನ್ನೇ ತುಳಿದುಕೊಂಡು ಓಡಾಡಿದೆ. ಹೀಗೆ ಒಂದು ಸಂಜೆ, ರಸ್ತೆಯ ಬದಿಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಒಂದು ಮೊಳ ಉಳಿದಿರುವಾಗ ಗಾಡಿ ನಿಂತಿತು. ಹಿಂದೆ ಕುಳಿತಿದ್ದ ನನ್ನ ತಂಗಿ ಮನೆಗೆ ಬಂದು ಅದನ್ನು ಹೇಳದೆ ಬಿಡಲಿಲ್ಲ. ತಂದೆಯವರು ಒಂದು ಮಾತೂ ಆಡದೆ ಕೀಲಿಕೈಯನ್ನು ತೆಗೆದು ಬೀರುವಿನಲ್ಲಿಟ್ಟರು. ಅವರು ಸರ್ಕಾರಿ ಬಸ್ಸಿನ ಚಾಲಕರು. ಬ್ರೇಕಿನ ವಿಷಯದಲ್ಲಿ ಅವರೊಡನೆ ವಾದ ಮಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಅದೇ ವಾರ ಗೆಳೆಯನ ಕೋಣೆಯಲ್ಲಿ ನಾನು ಮೊದಲ ಸಲ ಪೆಡಲಿನ ಮೇಲೆ ಕಾಲಿಟ್ಟೆ. ನೇರ ರಸ್ತೆಯ ಕೊನೆಯಲ್ಲಿ ಬ್ರೇಕನ್ನು ಹಿಂದಿನಂತೆಯೇ ಬಲವಾಗಿ ಒತ್ತಿದೆ. ಮುಂದಿನ ಗಾಲಿಗಳು ಕಚ್ಚಿಕೊಂಡು ನಿಂತವು, ಟೈರಿನಿಂದ ಹೊಗೆ ಎದ್ದಿತು, ಸ್ಟಿಯರಿಂಗು ಕೈಯಲ್ಲಿ ಹಗುರವಾಯಿತು. ಎಷ್ಟು ತಿರುಗಿಸಿದರೂ ಕಾರು ಮಾತ್ರ ನೇರವಾಗಿ ಹೋಗಿ ಮರಳಿನಲ್ಲಿ ಹೂತುಕೊಂಡಿತು. ಇದು ಆ ಕರುವಿನ ತಿರುವೇ ಎಂದು ನನಗೆ ಗುರುತು ಸಿಕ್ಕಿತು. ಒಂದು ಗುಂಡಿ ಒತ್ತಿದರೆ ಮತ್ತೆ ಮೊದಲಿನಿಂದ ಪ್ರಾರಂಭ, ಮೂಳೆ ಮುರಿಯುವುದಿಲ್ಲ. ಹಾಗೆ ಮುರಿಯದೆ ಅಂದು ನಾನು ನಲವತ್ತು ಸಲ ಬಿದ್ದೆ.

ಈಗ ವಿಷಯಕ್ಕೆ ಬರೋಣ. ಬ್ರೇಕು ಕಾರನ್ನು ನಿಲ್ಲಿಸುತ್ತದೆಂದು ನಾವು ಹೇಳುವುದು ಅರ್ಧಸತ್ಯ. ಬ್ರೇಕು ನಿಲ್ಲಿಸುವುದು ಗಾಲಿಯನ್ನು. ಕಾರನ್ನು ನಿಲ್ಲಿಸುವುದು ರಸ್ತೆ. ಟೈರು ರಸ್ತೆಯನ್ನು ಹಿಡಿದಿರುವಷ್ಟು ಹೊತ್ತು ಮಾತ್ರ ಈ ಕೆಲಸ ನಡೆಯುತ್ತದೆ. ಬ್ರೇಕು ಒತ್ತಿದಾಗ ಗಾಲಿ ತಾನು ತಿರುಗಬೇಕಾದ್ದಕ್ಕಿಂತ ಕೊಂಚ ನಿಧಾನವಾಗಿ ತಿರುಗುತ್ತದೆ. ಈ ಕೊರತೆ ನೂರಕ್ಕೆ ಸುಮಾರು ಹತ್ತರಿಂದ ಹದಿನೈದರಷ್ಟು ಇದ್ದಾಗ ಟೈರಿನ ಹಿಡಿತ ಅತ್ಯಧಿಕ. ಅದನ್ನು ಮೀರಿ ಒತ್ತಿದರೆ ಹಿಡಿತ ಹೆಚ್ಚುವುದರ ಬದಲು ಇಳಿಯುತ್ತದೆ. ಗಾಲಿ ಪೂರ್ತಿ ನಿಂತುಹೋದರೆ ಟೈರು ರಬ್ಬರಿನ ತುಂಡಿನಂತೆ ನೆಲವನ್ನು ಉಜ್ಜಿಕೊಂಡು ಹೋಗುತ್ತದೆ. ಉರುಳದ ಗಾಲಿಗೆ ದಿಕ್ಕೆಂಬುದಿಲ್ಲ. ಆದ್ದರಿಂದಲೇ ಸ್ಟಿಯರಿಂಗು ತಿರುಗಿಸಿದರೂ ಕಾರು ಕೇಳುವುದಿಲ್ಲ.

ಇದನ್ನು ತಪ್ಪಿಸಲೆಂದೇ ಎ.ಬಿ.ಎಸ್. ಬಂದಿದೆ. ಬಾಷ್ ಸಂಸ್ಥೆ ರೂಪಿಸಿದ ಈ ಉಪಕರಣ ೧೯೭೮ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. ನಮ್ಮ ದೇಶದಲ್ಲಿ ೧೨೫ ಸಿ.ಸಿ.ಗಿಂತ ದೊಡ್ಡ ದ್ವಿಚಕ್ರ ವಾಹನಗಳಿಗೆ ೨೦೧೯ರ ಏಪ್ರಿಲಿನಿಂದ ಕಡ್ಡಾಯವಾಯಿತು. ತಂದೆಯವರ ಗಾಡಿ ಅದಕ್ಕಿಂತ ಬಹಳ ಹಳೆಯದು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಮಾತ್ರ ೧೯೯೪ರಿಂದ ಅದನ್ನು ನಿಷೇಧಿಸಿದ್ದಾರೆ. ಗಾಲಿ ಕಚ್ಚದಂತೆ ನೋಡಿಕೊಳ್ಳುವುದು ಚಾಲಕನ ಕಾಲಿನ ಕೆಲಸವೇ ಆಗಿರಬೇಕೆಂಬುದು ಅಲ್ಲಿಯ ನಿಯಮ. ಆಟದಲ್ಲಿಯೂ ಎ.ಬಿ.ಎಸ್. ಅನ್ನು ತೆಗೆದುಹಾಕಬಹುದು. ಕಲಿಯಬೇಕೆನ್ನುವವರು ತೆಗೆದುಹಾಕಲೇಬೇಕು.

ಇನ್ನೊಂದು ಸಂಗತಿ ಭಾರದ್ದು. ಬಸ್ಸಿನಲ್ಲಿ ನಿಂತು ಕಾಲೇಜಿಗೆ ಬರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ರೇಕು ಬಿದ್ದಾಗ ಎಲ್ಲರೂ ಮುಂದಕ್ಕೆ ವಾಲುತ್ತಾರೆ. ಹಾಗೆಯೇ ಕಾರಿನ ಭಾರವೂ ಮುಂದಿನ ಗಾಲಿಗಳ ಮೇಲೆ ಬಂದು ಬೀಳುತ್ತದೆ. ಸಾವಿರ ಕಿಲೋ ತೂಕದ ಕಾರು, ಹಿಂದುಮುಂದಿನ ಗಾಲಿಗಳ ನಡುವೆ ಎರಡೂವರೆ ಮೀಟರು ಅಂತರ, ನೆಲದಿಂದ ಅರ್ಧ ಮೀಟರು ಎತ್ತರದಲ್ಲಿ ಗುರುತ್ವಕೇಂದ್ರ ಎಂದಿಟ್ಟುಕೊಳ್ಳಿ. ಬಲವಾಗಿ ಬ್ರೇಕು ಹಿಡಿದಾಗ ಸುಮಾರು ಇನ್ನೂರು ಕಿಲೋ ಹಿಂದಿನಿಂದ ಮುಂದಕ್ಕೆ ವರ್ಗವಾಗುತ್ತದೆ. ಐನೂರು ಐನೂರು ಇದ್ದದ್ದು ಏಳುನೂರು ಮುನ್ನೂರು ಆಗುತ್ತದೆ. ಭಾರ ಹೆಚ್ಚಾದಷ್ಟೂ ಟೈರಿನ ಹಿಡಿತ ಹೆಚ್ಚು. ಆದರೆ ಈ ಭಾರ ಬಂದು ಕೂರುವುದಕ್ಕೆ ಒಂದು ಕ್ಷಣ ಬೇಕು. ಆ ಕ್ಷಣವನ್ನು ಕೊಡದೆ ಬ್ರೇಕನ್ನು ಗುದ್ದಿದರೆ, ಭಾರ ಬರುವ ಮೊದಲೇ ಮುಂದಿನ ಗಾಲಿ ಕಚ್ಚಿಕೊಳ್ಳುತ್ತದೆ. ಜಲ್ಲಿಯ ಮೇಲಂತೂ ಕೇಳಬೇಕೆ? ನನ್ನ ಮಣಿಕಟ್ಟಿನ ಕಥೆ ಇಷ್ಟೇ.

ಮೂರನೆಯದು ವೇಗದ ಲೆಕ್ಕ. ಒಳ್ಳೆಯ ಒಣ ರಸ್ತೆಯಲ್ಲಿ ಗಂಟೆಗೆ ೧೦೦ ಕಿ.ಮೀ. ವೇಗದ ಕಾರು ನಿಲ್ಲಲು ೪೦ ಮೀಟರು ಬೇಕಾದರೆ, ೨೦೦ ಕಿ.ಮೀ. ವೇಗದ್ದಕ್ಕೆ ೮೦ ಸಾಲದು, ೧೬೦ ಬೇಕು. ಇದು ಶಾಲೆಯಲ್ಲಿಯೇ ಓದಿದ ಮಾತು. ನಾವು ಗಮನಿಸದಿರುವುದು ಇದರ ಇನ್ನೊಂದು ಮುಖವನ್ನು. ಆ ೧೬೦ ಮೀಟರಿನಲ್ಲಿ ಅರ್ಧ ದೂರ ಕಳೆದಾಗ ವೇಗವೂ ಅರ್ಧವಾಗಿರುವುದಿಲ್ಲ. ಇನ್ನೂ ೧೪೦ ಕಿ.ಮೀ.ಗೆ ಮೇಲೆಯೇ ಇರುತ್ತದೆ. ಹೊಸಬನು ಇಲ್ಲಿ ದಿಗಿಲುಬೀಳುತ್ತಾನೆ. ಬ್ರೇಕು ಹಿಡಿಯುತ್ತಿಲ್ಲವೆಂದು ಭ್ರಮಿಸಿ ಇನ್ನೂ ಬಲವಾಗಿ ತುಳಿಯುತ್ತಾನೆ. ಆಟದಲ್ಲಿ ಗಾಲಿ ಕಚ್ಚುವುದು ಹೆಚ್ಚಾಗಿ ಬ್ರೇಕಿನ ಪ್ರಾರಂಭದಲ್ಲಲ್ಲ, ಈ ನಡುದಾರಿಯಲ್ಲಿ. ನನ್ನ ಮೊದಲ ತಿಂಗಳೆಲ್ಲ ಇಲ್ಲಿಯೇ ಕಳೆಯಿತು.

ನಾನು ಅಭ್ಯಾಸ ಮಾಡಿದ್ದು ಇಟಲಿಯ ಮೊಂಜಾ ಎಂಬಲ್ಲಿರುವ ಓಟದ ಹಾದಿಯಲ್ಲಿ. ಮಿಲಾನಿನ ಹತ್ತಿರ ಅರಸರ ಉದ್ಯಾನವನದೊಳಗೆ ೧೯೨೨ರಲ್ಲಿ ಕಟ್ಟಿದ್ದು; ಈಗಿನ ಸುತ್ತಿನ ಉದ್ದ ೫.೭೯೩ ಕಿ.ಮೀ. ಹಿಂದೆ ಇಲ್ಲಿ ಬ್ರೇಕಿಗೆ ಅಷ್ಟಾಗಿ ಕೆಲಸವಿರಲಿಲ್ಲವಂತೆ. ಕಾರುಗಳು ಒಂದರ ಬೆನ್ನಿಗೊಂದು ಅಂಟಿಕೊಂಡು, ಮುಂದಿನದರ ಗಾಳಿಯ ನೆರಳಿನಲ್ಲಿ ಹಾರುತ್ತಿದ್ದವು. ೧೯೭೧ರ ಪಂದ್ಯದಲ್ಲಿ ಪೀಟರ್ ಗೆಥಿನ್ ಗೆದ್ದದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಮೊದಲ ಐವರು ಒಂದು ಸೆಕೆಂಡಿನೊಳಗೆ ಗುರಿ ಮುಟ್ಟಿದರು. ಮರುವರ್ಷ ವೇಗವನ್ನು ತಗ್ಗಿಸಲೆಂದು ನೇರ ದಾರಿಗೆ ಅಡ್ಡಲಾಗಿ ಸೊಟ್ಟ ತಿರುವುಗಳನ್ನು ಇಟ್ಟರು. ಇಂದು ಮುಖ್ಯ ನೇರದಾರಿಯ ಕೊನೆಯಲ್ಲಿರುವ ರೆಟ್ಟಿಫಿಲೊ ಎಂಬ ತಿರುವು ಆ ಸಂತತಿಯದು. ಒಂದು ಕಿಲೋಮೀಟರಿಗೂ ಮಿಕ್ಕ ನೇರ ಓಟ, ಆಮೇಲೆ ಬಲಕ್ಕೊಂದು ಎಡಕ್ಕೊಂದು ಇಕ್ಕಟ್ಟಾದ ತಿರುವು. ಬ್ರೇಕಿಗೆ ಕೆಲಸ ಕೊಡಲೆಂದೇ ಕಟ್ಟಿದ ಜಾಗ. ಬ್ರೇಕು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಡ.

ನನ್ನ ಕಾರು ಒಬ್ಬನೇ ಕೂರುವ, ಸಣ್ಣ ರೆಕ್ಕೆಗಳಿರುವ, ಎ.ಬಿ.ಎಸ್. ಇಲ್ಲದ ಫಾರ್ಮುಲಾ ಕಾರು. ಈ ರೆಕ್ಕೆ ವಿಮಾನದ ರೆಕ್ಕೆಗೆ ವಿರುದ್ಧ. ಕಾರನ್ನು ನೆಲಕ್ಕೆ ಒತ್ತುತ್ತದೆ. ಒತ್ತುವ ಬಲ ವೇಗದ ವರ್ಗಕ್ಕೆ ಅನುಸಾರವಾದದ್ದು: ವೇಗ ಅರ್ಧವಾದರೆ ಒತ್ತಡ ಕಾಲುಭಾಗ. ಎಂದರೆ, ವೇಗ ಹೆಚ್ಚಿರುವಾಗ ಟೈರಿಗೆ ಹಿಡಿತ ಹೆಚ್ಚು, ಬ್ರೇಕನ್ನು ಬಲವಾಗಿಯೇ ಒತ್ತಬಹುದು. ವೇಗ ಇಳಿಯುತ್ತಿದ್ದಂತೆ ಹಿಡಿತವೂ ಇಳಿಯುತ್ತದೆ, ಕಾಲನ್ನೂ ಇಳಿಸಲೇಬೇಕು. ಮೊದಲಿನ ಒತ್ತನ್ನು ಹಾಗೆಯೇ ಹಿಡಿದುಕೊಂಡವನ ಗಾಲಿ ಐವತ್ತು ಮೀಟರಿನ ಹಲಗೆಯ ಹತ್ತಿರ ಕಚ್ಚುತ್ತದೆ. ಹೊಸಬನ ಕಾಲು ಸಣ್ಣಗೆ ಪ್ರಾರಂಭಿಸಿ ದಿಗಿಲಾದಂತೆಲ್ಲ ಹೆಚ್ಚಿಸುತ್ತದೆ. ಬಲ್ಲವನ ಕಾಲು ಗಟ್ಟಿಯಾಗಿ ಪ್ರಾರಂಭಿಸಿ ಕ್ರಮೇಣ ಬಿಡುತ್ತದೆ. ಇವೆರಡೂ ಒಂದಕ್ಕೊಂದು ತಲೆಕೆಳಗು. ಇದು ನನ್ನ ತಲೆಗೆ ಒಂದು ದಿನದಲ್ಲಿ ಹೊಕ್ಕಿತು. ಕಾಲಿಗೆ ಇಳಿಯಲು ಮೂರು ತಿಂಗಳು ಹಿಡಿಯಿತು.

ಕಾಲಿನ ಈ ಮೊಂಡುತನಕ್ಕೆ ಪೆಡಲೂ ಒಂದಿಷ್ಟು ಕಾರಣ. ಅಗ್ಗದ ಪೆಡಲುಗಳು ಕಾಲು ಎಷ್ಟು ದೂರ ಹೋಯಿತೆಂಬುದನ್ನು ಅಳೆಯುತ್ತವೆ, ಹಳೆಯ ರೇಡಿಯೋದ ಸದ್ದಿನ ಗುಂಡಿಯಂತೆ. ನಿಜವಾದ ಕಾರಿನ ಬ್ರೇಕು ಹಾಗಲ್ಲ. ಅಲ್ಲಿ ಕೊಳವೆಯಲ್ಲಿರುವ ಎಣ್ಣೆ ಕುಗ್ಗುವುದಿಲ್ಲ. ಮೊದಲಿನ ಸಡಿಲ ಮುಗಿದ ಮೇಲೆ ಪೆಡಲು ಹೆಚ್ಚು ಸರಿಯುವುದಿಲ್ಲ, ಒತ್ತುವ ಬಲ ಮಾತ್ರ ಹೆಚ್ಚುತ್ತದೆ. ಈ ಬಲವನ್ನು ಅಳೆಯುವ ಪೆಡಲುಗಳೂ ಉಂಟು. ಅವುಗಳೊಳಗಿರುವುದು ಲೋಡ್ ಸೆಲ್. ನಮ್ಮ ದಿನಸಿ ಅಂಗಡಿಯವನು ಬೇಳೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿರುವುದೂ ಅದೇ. ಲೋಹದ ತಂತಿಯನ್ನು ಎಳೆದರೆ ಅದರ ವಿದ್ಯುತ್ ನಿರೋಧ ಬದಲಾಗುತ್ತದೆಂದು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವನು, ೧೮೫೬ರಲ್ಲಿ ತೋರಿಸಿದ. ಆ ತಂತಿಯನ್ನು ಲೋಹದ ತುಂಡಿಗೆ ಅಂಟಿಸಿ ಬಲವನ್ನು ಅಳೆಯುವ ಉಪಾಯವನ್ನು ೧೯೩೮ರಲ್ಲಿ ಅಮೆರಿಕದ ಸಿಮನ್ಸ್, ರೂಜ್ ಎಂಬ ಇಬ್ಬರು ಬೇರೆಬೇರೆಯಾಗಿ ಕಂಡುಕೊಂಡರು. ಹೀಗಾಗಿ ಬೇಳೆಯ ತೂಕಕ್ಕೂ ಮೊಂಜಾದ ಬ್ರೇಕಿಗೂ ನೆಂಟಸ್ತಿಕೆ.

ದೂರಕ್ಕಿಂತ ಬಲವನ್ನು ಅಳೆಯುವುದು ಮೇಲೆನ್ನುವುದಕ್ಕೆ ನಮ್ಮ ದೇಹವೂ ಸಾಕ್ಷಿ. ಸ್ನಾಯುವನ್ನು ಮೂಳೆಗೆ ಕಟ್ಟುವ ರಜ್ಜುಗಳಲ್ಲಿ ಎಳೆತವನ್ನು ಗುರುತಿಸುವ ಸಣ್ಣ ಅಂಗಗಳಿವೆ. ೧೯೦೬ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಇಟಲಿಯ ಗಾಲ್ಜಿಯ ಹೆಸರು ಅವಕ್ಕಿದೆ. ಕತ್ತಲೆಯಲ್ಲಿ ಬಿಂದಿಗೆ ಎತ್ತಿದರೆ ಅದು ತುಂಬಿದೆಯೋ ಅರ್ಧವಿದೆಯೋ ಎಂದು ನೋಡದೆಯೇ ಹೇಳುತ್ತೇವಲ್ಲವೆ? ಆ ತಿಳಿವಿಗೆ ಈ ಅಂಗಗಳ ನೆರವೂ ಉಂಟು. ಕಾಲು ನಿನ್ನೆ ಎಷ್ಟು ದೂರ ಸರಿಯಿತೆಂಬುದು ಇಂದು ಮರೆತುಹೋಗುತ್ತದೆ. ಎಷ್ಟು ಬಲ ಹಾಕಿತೆಂಬುದು ಹೆಚ್ಚು ಚೆನ್ನಾಗಿ ನೆನಪಿರುತ್ತದೆ. ನನ್ನ ಅನುಭವವಂತೂ ಹೀಗೆ. ನಿಜವಾದ ಕಾರಿನಲ್ಲಿ ಹೊಟ್ಟೆ, ಕತ್ತು, ಬೆನ್ನು ಎಲ್ಲವೂ ಬ್ರೇಕಿನ ಸುದ್ದಿ ಹೇಳುತ್ತವೆ. ಕುರ್ಚಿಯಲ್ಲಿ ಕುಳಿತು ಆಡುವವನಿಗೆ ಅವೆಲ್ಲ ಮೌನ, ಕಾಲೊಂದೇ ಗತಿ.

ಆದರೆ ಲೋಡ್ ಸೆಲ್ಲಿನ ಪೆಡಲಿಗೆ ಹಣ ಬೇಕು. ನಮ್ಮ ಕೋಣೆಯಲ್ಲಿದ್ದುದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಸಾಮಾನ್ಯ ಪೆಡಲು. ಅದರ ಬ್ರೇಕಿನ ಹಿಂದೆ ಗಟ್ಟಿ ರಬ್ಬರಿನ ತುಂಡೊಂದನ್ನು ಸಿಕ್ಕಿಸಿದೆವು; ಒತ್ತಿದಷ್ಟೂ ಬಿಗಿಯಾಗುವಂತಾಯಿತು. ದೂರವನ್ನೇ ಅಳೆದರೂ ಕಾಲಿಗೆ ಬಲದ ಅರಿವು ಬಂತು. ಆಟದ ಹೊಂದಿಕೆಗಳಲ್ಲಿ ಗ್ಯಾಮಾ ಎಂಬುದೊಂದಿದೆ. ಅದನ್ನು ಎರಡಕ್ಕಿಟ್ಟರೆ ಅರ್ಧ ಒತ್ತಿದಾಗ ಕಾಲುಭಾಗ ಬ್ರೇಕು ಬೀಳುತ್ತದೆ. ಮೃದುವಾದ ಪೆಡಲಿನವರಿಗೆ ಇದು ಅನುಕೂಲ. ಬಲ ಅಳೆಯುವ ಪೆಡಲಿದ್ದವರು ಅದನ್ನು ಒಂದರಲ್ಲಿಯೇ ಬಿಡುವುದು ಮೇಲು.

ಇದೆಲ್ಲಕ್ಕಿಂತ ದೊಡ್ಡ ತೊಂದರೆ ಕುರ್ಚಿಯದು. ಬಲವಾಗಿ ಬ್ರೇಕು ಒತ್ತಿದಾಗಲೆಲ್ಲ ಗಾಲಿಯ ಕುರ್ಚಿ ಹಿಂದಕ್ಕೆ ಓಡಿ ನಾನು ಗೋಡೆಗೆ ಹೋಗುತ್ತಿದ್ದೆ. ಪೆಡಲನ್ನು ಎದುರು ಗೋಡೆಗೆ ಆನಿಸಿದ್ದಾಯಿತು. ಕುರ್ಚಿಯ ಐದು ಗಾಲಿಗಳನ್ನು ಐದು ಹಳೆಯ ಕ್ಯಾನ್‌ವಾಸ್ ಷೂಗಳೊಳಗೆ ಇಳಿಸಿದೆವು. ಅಂದಿನಿಂದ ಕುರ್ಚಿ ಅಲುಗಿಲ್ಲ. ನಗಬೇಡಿ, ಮೂರು ತಿಂಗಳ ಅಭ್ಯಾಸಕ್ಕಿಂತ ಈ ಮೂರು ಜೊತೆ ಷೂ ನನಗೆ ಹೆಚ್ಚು ಉಪಕಾರ ಮಾಡಿವೆ. ಕುಳಿತವನೇ ಅಲುಗುತ್ತಿದ್ದರೆ ಕಾಲಿಗೆ ಅಳತೆ ಎಲ್ಲಿಂದ ಬರಬೇಕು? ಹಿಮ್ಮಡಿ ನೆಲಕ್ಕೆ ಊರಿರಬೇಕು, ಒತ್ತುವುದು ಬೆರಳುಗಳ ಬುಡದಿಂದಾಗಬೇಕು, ಪೂರ್ತಿ ಒತ್ತಿದಾಗಲೂ ಮೊಣಕಾಲು ಕೊಂಚ ಬಾಗಿರಬೇಕು. ಎಡಗಾಲೋ ಬಲಗಾಲೋ ಎಂಬುದು ಆಮೇಲಿನ ಮಾತು. ಕ್ಲಚ್ ಬೇಡದ ಕಾರಿನಲ್ಲಿ ಎಡಗಾಲಿಗೆ ಬ್ರೇಕನ್ನು ಒಪ್ಪಿಸಿದರೆ ಒಂದಿಷ್ಟು ಸಮಯ ಉಳಿಯುವುದು ನಿಜ. ಮೊದಮೊದಲು ಎಡಗಾಲು ಬಹಳ ಒರಟು.

ಇನ್ನು ಅಭ್ಯಾಸದ ಕ್ರಮ. ನಾನು ಮೊದಲು ಕಾರನ್ನು ಓಡಿಸುವುದನ್ನೇ ಬಿಟ್ಟೆ. ಪರದೆಯ ಮೂಲೆಯಲ್ಲಿ ಪೆಡಲಿನ ಒತ್ತನ್ನು ಗೆರೆಯಾಗಿ ತೋರಿಸುವ ಸೌಕರ್ಯವಿದೆ. ನಿಂತ ಕಾರಿನಲ್ಲಿ ಕುಳಿತು ನೂರಕ್ಕೆ ನಲವತ್ತು ಒತ್ತಿ ಹತ್ತು ಎಣಿಸುವವರೆಗೆ ಗೆರೆ ಅಲುಗದಂತೆ ಹಿಡಿಯುವುದು. ಆಮೇಲೆ ಕಣ್ಣು ಮುಚ್ಚಿ ಒತ್ತಿ, ತೆರೆದು ನೋಡುವುದು. ಕೊನೆಗೆ ಎಂಬತ್ತಕ್ಕೆ ಒತ್ತಿ, ಮೂರು ಎಣಿಸುವಷ್ಟರಲ್ಲಿ ಸೊನ್ನೆಗೆ ಬರುವುದು, ಎಲ್ಲಿಯೂ ಮೆಟ್ಟಿಲು ಬೀಳದಂತೆ. ಒತ್ತುವುದು ಎರಡು ದಿನದಲ್ಲಿ ಬಂತು. ಬಿಡುವಾಗ ಮಾತ್ರ ಗೆರೆ ಕಡಿದ ದಿಬ್ಬದಂತೆ ಒಮ್ಮೆಗೇ ಕೆಳಗೆ ಬೀಳುತ್ತಿತ್ತು. ಒತ್ತುವ ಸ್ನಾಯುವನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸುವುದು ಇಷ್ಟು ಕಷ್ಟವೆಂದು ನಾನು ಎಣಿಸಿರಲಿಲ್ಲ. ಆಮೇಲೆ ಒಂದೇ ತಿರುವು, ಒಂದೇ ಗುರುತು. ನೂರೈವತ್ತು ಮೀಟರಿನ ಹಲಗೆ ಕಂಡಾಗ ಬ್ರೇಕು. ಚೆನ್ನಾಗಿ ಆದರೂ ಕೆಟ್ಟರೂ ಗುರುತನ್ನು ಬದಲಿಸಲಿಲ್ಲ. ಗುರುತನ್ನೂ ಒತ್ತನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದೆಂದು ತಿಳಿಯುವುದಿಲ್ಲ.

ಬಿಡುವುದು ಇಷ್ಟು ಮುಖ್ಯವೇಕೆಂದರೆ, ತಿರುವಿನ ಬಾಗಿಲಲ್ಲಿ ಟೈರಿಗೆ ಎರಡು ಕೆಲಸ ಒಟ್ಟಿಗೆ ಬೀಳುತ್ತವೆ: ನಿಲ್ಲಿಸುವುದು, ತಿರುಗಿಸುವುದು. ಟೈರಿನ ಹತ್ತಿರ ಇರುವುದು ಒಂದೇ ರೂಪಾಯಿ ಎನ್ನಿ. ನೂರು ಪೈಸೆಯನ್ನೂ ಬ್ರೇಕಿಗೆ ಕೊಟ್ಟರೆ ತಿರುಗಲು ಕಾಸಿಲ್ಲ. ಆದರೆ ಈ ಲೆಕ್ಕ ಅಂಗಡಿಯ ಲೆಕ್ಕಕ್ಕಿಂತ ಉದಾರವಾದದ್ದು. ಎಂಬತ್ತು ಪೈಸೆಯನ್ನು ಬ್ರೇಕಿಗೆ ಕೊಟ್ಟರೆ ಉಳಿಯುವುದು ಇಪ್ಪತ್ತಲ್ಲ, ಅರುವತ್ತು. ಅರುವತ್ತು ಕೊಟ್ಟರೆ ಎಂಬತ್ತು. ಇಪ್ಪತ್ತು ಕೊಟ್ಟರೆ ತೊಂಬತ್ತೆಂಟು. ಲಂಬಕೋನ ತ್ರಿಭುಜದ ಪ್ರಮೇಯ ನೆನಪಿದ್ದವರಿಗೆ ಇದರ ಗುಟ್ಟು ಹೊಳೆದೀತು: ಎರಡರ ವರ್ಗಗಳನ್ನು ಕೂಡಿದರೆ ನೂರರ ವರ್ಗ. ಆದ್ದರಿಂದ ಬ್ರೇಕನ್ನು ನೇರದಾರಿಯಲ್ಲಿಯೇ ಪೂರ್ತಿ ಮುಗಿಸಿ ಆಮೇಲೆ ತಿರುಗುವವನು ಸ್ವಲ್ಪ ನಷ್ಟದಲ್ಲಿರುತ್ತಾನೆ. ತಿರುಗಿಸುತ್ತ ತಿರುಗಿಸುತ್ತ ಬಿಡುವವನು ರೂಪಾಯಿಯನ್ನು ಪೂರ್ತಿ ಬಳಸುತ್ತಾನೆ. ಕಾಲಿನಲ್ಲಿ ಉಳಿದ ಆ ಕೊಂಚ ಬ್ರೇಕು ಭಾರವನ್ನು ಮುಂದಿನ ಗಾಲಿಗಳ ಮೇಲೆ ಇಟ್ಟಿರುವುದರಿಂದ ಮೂತಿ ಒಳಕ್ಕೆ ತಿರುಗುತ್ತದೆ. ತಟ್ಟನೆ ಬಿಟ್ಟರೆ ಮೂತಿ ಮೇಲೇಳುತ್ತದೆ, ಕಾರು ಹೊರಕ್ಕೆ ಹರಿಯುತ್ತದೆ. ಹೆಚ್ಚು ಹೊತ್ತು ಹಿಡಿದರೆ ಹಗುರವಾದ ಹಿಂಭಾಗ ಬುಗುರಿಯಂತೆ ಸುತ್ತುತ್ತದೆ. ಹಾಗೆ ಸುತ್ತುವುದೇ ಅಭ್ಯಾಸವಾದರೆ ಹಿಂದಿನ ಗಾಲಿಗಳ ಬ್ರೇಕಿನ ಪಾಲನ್ನು ಹೊಂದಿಕೆಯಲ್ಲಿ ಒಂದೆರಡು ಅಂಶ ತಗ್ಗಿಸಬಹುದು. ಅದು ಔಷಧವೇ ಹೊರತು ಪಥ್ಯವಲ್ಲ.

ನಾನು ಇಷ್ಟನ್ನೂ ಕಲಿತಿದ್ದರೂ ನನ್ನ ಗೆರೆಯ ಇಳಿಜಾರಿನಲ್ಲಿ ಎರಡು ಮೆಟ್ಟಿಲು ಉಳಿದೇ ಇದ್ದವು. ಒಂದು ಭಾನುವಾರ, ಊಟದ ಹೊತ್ತಿಗೂ ಮನೆಗೆ ಬಾರದ ನನ್ನನ್ನು ಹುಡುಕಿಕೊಂಡು ತಂದೆಯವರು ಕೋಣೆಗೇ ಬಂದರು. ಬಯ್ಯಲೆಂದೇ ಬಂದವರು. ಆದರೆ ಬಾಗಿಲಲ್ಲಿಯೇ ನಿಂತು ಕೇಳಿದರು:

“ಇದೇನೋ, ಕುರ್ಚಿಗೆ ಬೂಟು ಹಾಕಿಸಿದ್ದೀರ?”

ಗೆಳೆಯ ಸಮಯಸಾಧಕ. “ಬನ್ನಿ ಅಂಕಲ್, ಒಂದು ಸುತ್ತು ಓಡಿಸಿ ನೋಡಿ” ಎಂದು ಕೂರಿಸಿಯೇಬಿಟ್ಟ. ಮೊದಲ ತಿರುವಿನಲ್ಲಿ ತಂದೆಯವರೂ ಮರಳಿಗೆ ಹೋದರು.

“ಮೈಗೆ ಏನೂ ಗೊತ್ತಾಗೋದಿಲ್ಲವಲ್ಲೋ ಇದರಲ್ಲಿ” ಎಂದರು.

ನಾಲ್ಕನೆಯ ಸುತ್ತಿಗೆ ಅವರಿಗೆ ಅಂದಾಜು ಸಿಕ್ಕಿತ್ತು. ಸುತ್ತಿನ ಕಾಲ ನನ್ನದಕ್ಕಿಂತ ಹದಿನಾಲ್ಕು ಸೆಕೆಂಡು ಹೆಚ್ಚು, ಅದು ಇರಲಿ. ನಾನು ನೋಡುತ್ತಿದ್ದುದು ಮೂಲೆಯ ಗೆರೆಯನ್ನು. ಒತ್ತಿದ ಕಡೆ ನಿಚ್ಚಳವಾಗಿ ಏರಿತ್ತು. ಬಿಟ್ಟ ಕಡೆ ಕೆರೆಯ ಏರಿಯ ಇಳಿಜಾರಿನಂತೆ ಒಂದೇ ಸಮನೆ ಇಳಿದು ನೆಲಕ್ಕೆ ಸೇರಿತ್ತು. ಎಲ್ಲಿಯೂ ಮೆಟ್ಟಿಲಿಲ್ಲ.

“ಅಪ್ಪಾ, ಹೀಗೆ ಬಿಡೋದನ್ನ ಎಲ್ಲಿ ಕಲಿತಿರಿ?”

“ಕಲಿಯೋದೇನು ಬಂತು? ನಿಂತಿರೋ ಜನ ಬೀಳಬಾರದಲ್ಲ. ಒತ್ತೋದೆಲ್ಲ ಮುಂಚೆಯೇ ಒತ್ತಿಬಿಡಬೇಕು. ಸ್ಟಾಪು ಬರೋ ಹೊತ್ತಿಗೆ ಕಾಲು ಖಾಲಿಯಾಗಿರಬೇಕು. ಹಿಡಿದುಕೊಂಡೇ ನಿಲ್ಲಿಸಿದೆ ಅನ್ನು, ಮುದುಕರೆಲ್ಲ ಗೇರ್ ಬಾಕ್ಸ್ ಮೇಲೆ ಬಂದಿರ್ತಾರೆ.”

ನೂರಾರು ಸಲ ಆ ಬಸ್ಸಿನಲ್ಲಿ ನಿಂತು ಹೋಗಿದ್ದೇನೆ. ಕಂಬಿ ಹಿಡಿಯದೆ ಟಿಕೆಟು ಹರಿಯುವ ಕಂಡಕ್ಟರನ್ನು ನೋಡಿದ್ದೇನೆ. ಅದು ಕಂಡಕ್ಟರರ ಚಮತ್ಕಾರವೆಂದೇ ತಿಳಿದಿದ್ದೆ.

ಮುಂದಿನ ಭಾನುವಾರ ತಂದೆಯವರು ಬೀರುವಿನಿಂದ ಕೀಲಿಕೈ ತೆಗೆದರು. ರಜೆಯ ದಿನ ಬರಿದಾಗಿರುವ ಮಾರುಕಟ್ಟೆಯ ಅಂಗಳಕ್ಕೆ ಕರೆದುಕೊಂಡು ಹೋಗಿ, ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಿಂದ ಪ್ರಾರಂಭಿಸಿ ಮುಂದಿನ ಬ್ರೇಕನ್ನು ಹಿಡಿಸಿದರು. ಮೊದಲು ಸಡಿಲ ಮುಗಿಯುವಷ್ಟು ಎಳೆಯುವುದು. ಮೂತಿ ತಗ್ಗುವುದನ್ನು ಕೈಯಲ್ಲಿ ತಿಳಿಯುವುದು. ತಗ್ಗಿದ ಮೇಲೆ ಹಿಸುಕುವುದು. ನಿಲ್ಲುವ ಮೊದಲೇ ಬಿಡತೊಡಗುವುದು. ಗಾಡಿ ನೆಟ್ಟಗಿರುವಾಗ ಮಾತ್ರ. ಮೊದಲ ಹತ್ತು ಸಲ ನನ್ನ ಬೆರಳು ನಡುಗಿತು. ಕೋಣೆಯಲ್ಲಿ ಸಾವಿರ ಸಲ ನಿರ್ಭಯವಾಗಿ ಮಾಡಿದ್ದು ಇಲ್ಲಿ ಬೆವರು ಬಿಡಿಸಿತು. ಆಟ ಕಾರಣವನ್ನು ಕಲಿಸಿತ್ತು, ಕ್ರಮವನ್ನು ಕಲಿಸಿತ್ತು. ಅಂಜಿಕೆಯ ನಡುವೆ ಅದನ್ನು ಮಾಡುವುದನ್ನು ಕಲಿಸಿರಲಿಲ್ಲ. ಇದನ್ನು ಮರೆಮಾಚಿ ಬರೆದರೆ ತಪ್ಪಾಗುತ್ತದೆ. ಪರದೆಯಲ್ಲಿ ವೇಗವಾಗಿ ಓಡಿಸುತ್ತೇನೆಂದು ಹೆದ್ದಾರಿಯಲ್ಲಿ ಪ್ರಯೋಗಕ್ಕೆ ಇಳಿದ ಹುಡುಗರ ಮೂರ್ಖತನಕ್ಕೆ ನನ್ನ ಲೇಖನ ಆಧಾರವಾಗದಿರಲಿ. ಸಂಜೆಯ ಹೊತ್ತಿಗೆ ನಲವತ್ತರ ವೇಗದಿಂದ, ತಂದೆಯವರು ಚಪ್ಪಲಿಯಿಂದ ಗೀಚಿದ ಗೆರೆಯ ಮೇಲೆ, ಗಾಲಿ ಕಚ್ಚದಂತೆ ನಿಲ್ಲಿಸಿದೆ. ಅವರು ಕೀಲಿಕೈಯನ್ನು ಮತ್ತೆ ಕೇಳಲಿಲ್ಲ.

ಕೆರೆಯ ಏರಿಯ ಆಚೆಯ ಆ ತಿರುವಿನಲ್ಲಿ ಈಗಲೂ ಜಲ್ಲಿ ಬಿದ್ದಿರುತ್ತದೆ. ನನ್ನ ಬ್ರೇಕಿನ ಕೆಲಸವೆಲ್ಲ ಏರಿಯ ಮೇಲೆಯೇ ಮುಗಿದಿರುತ್ತದೆ. ಮೊಂಜಾದಲ್ಲಿ ನನ್ನ ಸುತ್ತು ಎರಡು ಸೆಕೆಂಡು ಕಡಿಮೆಯಾಗಿದೆ. ಗೆಳೆಯ ಇನ್ನೂ ನನಗಿಂತ ಮುಂದಿದ್ದಾನೆ.

ನೋಡಬೇಕೆನ್ನುವವರು ಶನಿವಾರ ಮಧ್ಯಾಹ್ನದ ಮೇಲೆ ಕೋಣೆಗೆ ಬರಬಹುದು. ಕಾಲೇಜಿನ ಹಿಂದಿನ ಗೇಟಿನಿಂದ ಮೂರನೆಯ ಮನೆ, ಮಹಡಿಯ ಮೇಲೆ. ಗುರುತು ಬೇಕಾದರೆ, ಹೊಸ್ತಿಲ ಹೊರಗೆ ಒಂಟಿ ಕ್ಯಾನ್‌ವಾಸ್ ಷೂ ಒಂದಿದೆ. ಅದರ ಜೊತೆಯದು ಕುರ್ಚಿಯ ಕೆಳಗೆ ಕೆಲಸದಲ್ಲಿರುವುದರಿಂದ ದಯಮಾಡಿ ಯಾರೂ ಅದನ್ನು ಎಸೆಯಬಾರದು.